ಕಾದಂಬರಿಕಾರ ಆತ್ಮಕಥನ ಬರೆಯಲು ಕುಳಿತಾಗ

3 ಕಾದಂಬರಿಗಳು ಅಚ್ಚಾದ ಮೇಲೆ ನಾನು ಆತ್ಮಕಥನಕ್ಕೆ ಕೈ ಹಾಕಿದಾಗ, ಪಾತ್ರಗಳನ್ನು ಕಟ್ಟುವ ಗೋಜಿಲ್ಲ, ಕಥೆಯನ್ನು ಎಲ್ಲಿ ನಿಲ್ಲಿಸಬೇಕೆಂಬ ಚಿಂತೆಯಿಲ್ಲ, ನಡೆದದ್ದನ್ನು ನಡೆದಂತೆ ಬರೆದರಾಯಿತು ಎಂದುಕೊಂಡಿದ್ದೆ. ಒಂದು ವರ್ಷದ ಕೆಲಸವೆಂದು ಹೊರಟದ್ದು 4 ವರ್ಷ ಹಿಡಿಯಿತು. ಅದಕ್ಕೆ ನನ್ನ ಸೋಮಾರಿತನವೂ ಸ್ವಲ್ಪ ಕಾರಣವೆನ್ನಿ, ಆದರೆ ಮುಖ್ಯ ಅಡ್ಡಿಯಾದದ್ದು ನನ್ನದೇ ಮೊದಲ ಕಾದಂಬರಿ.

ಆ ಕಾದಂಬರಿಯಲ್ಲಿ ತಂದೆಯೊಬ್ಬ ಮಳೆ ಸುರಿಯುವ ರಾತ್ರಿ ಟ್ರಂಕು ಹಿಡಿದು ಮನೆ ಬಿಟ್ಟು ಹೋಗುತ್ತಾನೆ. ಮಗ ಮೆಟ್ಟಿಲ ಮೇಲೆ ನಿಂತು ನೋಡುತ್ತಾನೆ. ನನ್ನ ಅಪ್ಪ ಮನೆ ಬಿಟ್ಟದ್ದು ನಿಜವಾದ್ದರಿಂದ ಆತ್ಮಕಥನದಲ್ಲೂ ಅದೇ ಮಳೆ, ಅದೇ ಮೆಟ್ಟಿಲುಗಳನ್ನು ಬರೆದು, ಕರಡನ್ನು ಅಕ್ಕನ ಕೈಗಿಟ್ಟೆ. ಆಕೆ ಅಂಚಿನಲ್ಲಿ ಪೆನ್ಸಿಲಿನಿಂದ, ‘ಮಳೆ ಎಲ್ಲಿತ್ತೋ? ಅಪ್ಪ ಹೋದದ್ದು ಹಾಡುಹಗಲು. ನಾವಿಬ್ಬರೂ ಶಾಲೆಯಲ್ಲಿದ್ದೆವು’ ಎಂದು ಬರೆದಿದ್ದಳು. ನಾನು ವಾದಕ್ಕಿಳಿದೆ. ಅಮ್ಮ ತನ್ನ ತಂಗಿಗೆ ಬರೆದಿದ್ದ ಕಾಗದವನ್ನು ಅಕ್ಕ ಹುಡುಕಿ ತಂದಳು. ‘ಮಕ್ಕಳು ಬರುವುದರೊಳಗೆ ಹೊರಟುಬಿಟ್ಟರು’ ಎಂಬ ಒಂದು ಸಾಲು ಅದರಲ್ಲಿತ್ತು. ಅಂದರೆ, ನಾನು ಕಣ್ಣಾರೆ ಕಂಡೆನೆಂದು ನಂಬಿದ್ದ ದೃಶ್ಯ, ಕಾದಂಬರಿಗಾಗಿ 11 ಸಲ ತಿದ್ದಿ ಬರೆದು ನಾನೇ ನನ್ನೊಳಗೆ ಕೂರಿಸಿಕೊಂಡದ್ದಾಗಿತ್ತು.

ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಓದಿದ್ದು ಈ ಅವಮಾನದ ನಂತರ. ಕಾರು ಅಪಘಾತದ ಚಲನಚಿತ್ರದ ತುಣುಕನ್ನು ತೋರಿಸಿ, ಕಾರುಗಳು ‘ತಾಗಿದಾಗ’ ವೇಗವೆಷ್ಟಿತ್ತೆಂದು 50 ಜನರನ್ನೂ, ‘ಅಪ್ಪಳಿಸಿದಾಗ’ ಎಷ್ಟಿತ್ತೆಂದು ಇನ್ನು 50 ಜನರನ್ನೂ ಕೇಳಿದ್ದರು. ವಾರದ ನಂತರ, ಒಡೆದ ಗಾಜು ಕಂಡಿತೇ ಎಂದಾಗ ಮೊದಲ ಗುಂಪಿನಲ್ಲಿ 7 ಮಂದಿ, ಎರಡನೆಯದರಲ್ಲಿ 16 ಮಂದಿ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಒಂದು ಕ್ರಿಯಾಪದಕ್ಕೆ ಇಷ್ಟು ಶಕ್ತಿಯಿದ್ದರೆ 11 ಕರಡುಗಳಿಗೆ ಎಷ್ಟಿರಬೇಡ!

ಆಮೇಲೆ ಎರಡು ನೋಟ್‌ಪುಸ್ತಕ ಇಟ್ಟುಕೊಂಡೆ. ಕಾಗದ, ಅಂಕಪಟ್ಟಿ, ಫೋಟೋದ ಹಿಂಬದಿಯ ತಾರೀಖು ಇಂಥವುಗಳಿಂದ ಖಚಿತವಾದದ್ದು ಒಂದರಲ್ಲಿ, ನೆನಪಿನಿಂದಷ್ಟೇ ಬಂದದ್ದು ಇನ್ನೊಂದರಲ್ಲಿ. ನೆನಪಿನ ಪುಸ್ತಕದ ಯಾವುದೇ ವಿವರ ನನ್ನ ಕಾದಂಬರಿಗಳಲ್ಲಿಯೂ ಕಾಣಿಸಿಕೊಂಡಿದ್ದರೆ ಅದರ ಮುಂದೆ ಕೆಂಪು ಗೆರೆ ಎಳೆಯುತ್ತಿದ್ದೆ. ಬೇರೆಯವರ ಸಾಕ್ಷ್ಯ ಸಿಗದ ಹೊರತು ಅದನ್ನು ಮುಟ್ಟುವಂತಿರಲಿಲ್ಲ. ಹೀಗೆ 90 ಪುಟ ಹೋಯಿತು, ಅದರಲ್ಲಿ ನನಗೆ ಪ್ರಿಯವಾದ ಪುಟಗಳೇ ಹೆಚ್ಚು. ಮಳೆಯ ಜಾಗದಲ್ಲಿ ಉಳಿದದ್ದು ಒಂದು ಮೊಳೆ. ಶಾಲೆಯಿಂದ ಬಂದಾಗ ಅಪ್ಪನ ಅಂಗಿ ತೂಗುತ್ತಿದ್ದ ಮೊಳೆ ಖಾಲಿಯಾಗಿತ್ತು, ಅಂಗಿ ಉಜ್ಜಿ ಉಜ್ಜಿ ಅದರ ಕೆಳಗಿನ ಸುಣ್ಣ ಕಂದಾಗಿತ್ತು, ಮರುದಿನ ಅಲ್ಲಿ ಅಮ್ಮನ ಕೊಡೆ ತೂಗುತ್ತಿತ್ತು. ಮಳೆಯ ದೃಶ್ಯಕ್ಕೆ 6 ಪುಟ ತೆಗೆದುಕೊಂಡಿದ್ದೆ; ಇದು 7 ಸಾಲಿನಲ್ಲಿ ಮುಗಿಯಿತು.

ಹಸ್ತಪ್ರತಿ ನೋಡಿದ ಸಂಪಾದಕರೊಬ್ಬರು, ಕಳೆದುಕೊಂಡ ಪುಟಗಳಿಗಾಗಿ ಮರುಗಿ, ಪುಸ್ತಕವನ್ನು ‘ಆಟೋಫಿಕ್ಷನ್’, ಅಂದರೆ ಸ್ವಂತ ಬದುಕಿಗೆ ಕಲ್ಪನೆ ಬೆರೆಸಿದ ಬರಹ, ಎಂದು ಕರೆದುಬಿಟ್ಟರೆ ಮಳೆಯನ್ನೂ ಉಳಿಸಿಕೊಳ್ಳಬಹುದಲ್ಲ ಎಂದರು. ಫ್ರೆಂಚ್ ಲೇಖಕ ಸೆರ್ಜ್ ದುಬ್ರೋವ್‌ಸ್ಕಿ 1977ರಲ್ಲಿ ಬಳಕೆಗೆ ತಂದ ಆ ಪದದ ಬಗ್ಗೆ ನನಗೆ ತಾತ್ಸಾರವಿಲ್ಲ, ಆ ಬಗೆಯಲ್ಲಿ ಒಳ್ಳೆಯ ಬರವಣಿಗೆ ಬಂದಿದೆ. ಆದರೆ ಬರೆದವನು, ಹೇಳುವವನು, ಕಥೆಯೊಳಗಿನವನು ಒಬ್ಬನೇ ಎಂಬ ಭರವಸೆಯನ್ನು ಆತ್ಮಕಥನಗಳ ಅಧ್ಯಯನ ಮಾಡಿದ ಫ್ರೆಂಚ್ ವಿದ್ವಾಂಸ ಫಿಲಿಪ್ ಲೆಜನ್ ಲೇಖಕ ಮತ್ತು ಓದುಗರ ನಡುವಿನ ಒಪ್ಪಂದವೆಂದು ಕರೆದಿದ್ದಾರೆ. ತಪ್ಪು ಸಿಕ್ಕಿಬಿದ್ದ ಮೇಲೆ ಆ ಒಪ್ಪಂದದ ಹೆಸರು ಬದಲಿಸುವುದು ನನಗೆ ನುಣುಚಿಕೊಂಡಂತೆ ತೋರಿತು. ಇಬ್ಬರ ಹೆಸರನ್ನು ಮಾತ್ರ ಬದಲಿಸಿದೆ, ಅದನ್ನು ಮುನ್ನುಡಿಯಲ್ಲಿ ಹೇಳಿದೆ. ಅಕ್ಕ ಬೇಡವೆಂದ ಒಂದು ಪ್ರಸಂಗವನ್ನು ಕಾರಣ ಕೇಳದೆ ತೆಗೆದುಹಾಕಿದೆ.

ಪುಸ್ತಕ ಬಂದು ತಿಂಗಳಾಗುವಷ್ಟರಲ್ಲಿ, ಕರಡಚ್ಚನ್ನು ಎರಡು ಸಲ ಓದಿದ್ದ ಆ ಅಕ್ಕನೇ ಫೋನ್ ಮಾಡಿ, ‘ಅದು ಅಮ್ಮನ ಕೊಡೆಯಲ್ಲ ಕಣೋ, ನನ್ನದು’ ಎಂದಳು. ಎರಡನೆಯ ಮುದ್ರಣದಲ್ಲಿ ತಿದ್ದಿದ್ದೇನೆ.