ಐದು ಪೋರ್ಟಿನ ಹೆಡ್ಡಿಗೆ ಇಂಜೆಕ್ಷನ್ ಒಗ್ಗಿಸಿದ ಬಗೆ

ನಮ್ಮ ತಂದೆಯವರು ಧಾರವಾಡದಲ್ಲಿ ಓಡಿಸುತ್ತಿದ್ದ 1978ರ ಅಂಬಾಸಿಡರ್ ಮಾರ್ಕ್ 3 ಈಗ ಪುಣೆಯ ಕೋಥ್ರೂಡಿನಲ್ಲಿ ನಮ್ಮ ಮನೆಯ ಮುಂದಿದೆ. ಅದರ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ವಂಶದ್ದು: 1489 ಸಿಸಿ, 73 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 88.9 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ಸುಮಾರು 50 ಅಶ್ವಶಕ್ತಿ. ಇಷ್ಟು ಉದ್ದದ ಸ್ಟ್ರೋಕಿರುವುದರಿಂದ ಅದು ಅವಸರದ ಎಂಜಿನ್ ಅಲ್ಲ. ಕೆಳಗಿನ ವೇಗದಲ್ಲಿಯೇ ಅದರ ಎಳೆಯುವ ಗುಣವಿದೆ, ನನಗೆ ಆ ಗಾಡಿಯಲ್ಲಿ ಇಷ್ಟವಾದದ್ದೂ ಅದೇ. ಕಾರ್ಬುರೇಟರ್ ತೆಗೆದು ಇಂಜೆಕ್ಷನ್, ಅಂದರೆ ಇಂಧನವನ್ನು ಎಲೆಕ್ಟ್ರಾನಿಕ್ ಅಳತೆಯಲ್ಲಿ ಚಿಮ್ಮಿಸುವ ವ್ಯವಸ್ಥೆ, ಹಾಕಬೇಕೆಂದು ಹೊರಟಾಗ ನಾನು ಹೆಚ್ಚಿನ ಶಕ್ತಿಯನ್ನು ಅಪೇಕ್ಷಿಸಿರಲಿಲ್ಲ. ಇಂದಿನ ಪೆಟ್ರೋಲಿನಲ್ಲಿ, ಇಂದಿನ ರಸ್ತೆಯಲ್ಲಿ ಈ ಎಂಜಿನ್ ಕಷ್ಟಪಡದೆ ಓಡಬೇಕು ಎಂಬುದಷ್ಟೇ ನನ್ನ ಉದ್ದೇಶವಾಗಿತ್ತು.

ಕಷ್ಟ ಶುರುವಾದದ್ದು ಇಂಧನದಿಂದ. ಬಂಕುಗಳಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ, ಶುದ್ಧ ಪೆಟ್ರೋಲಿಗೆಂದು ಹೊಂದಿಸಿದ್ದ ಎಸ್‌ಯು ಕಾರ್ಬುರೇಟರಿನ ಮಿಶ್ರಣ ತೆಳುವಾಗತೊಡಗಿತು. ಶುದ್ಧ ಪೆಟ್ರೋಲಿನ ಒಂದು ಭಾಗ ಪೂರ್ತಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. ಎಥೆನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಇನ್ನೂ ಶೇ. 8ರಿಂದ 9ರಷ್ಟು ಹೆಚ್ಚು ಇಂಧನ ಹೋಗಬೇಕು. ಎಸ್‌ಯುವಿನ ಇಂಧನ ಅಳೆಯುವ ಸೂಜಿಯನ್ನು ಬದಲಿಸಿ, ಅದು ಕೂರುವ ಜೆಟ್ಟನ್ನು ಇಳಿಸಿ ಇದನ್ನು ಒಂದು ಮಟ್ಟಿಗೆ ಸರಿಪಡಿಸಬಹುದು, ನಾನೂ ಸರಿಪಡಿಸಿದೆ. ಆದರೆ ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ ಸರಿಹೋದ ಸೂಜಿ 1,350 ಮೀಟರಿನ ಮಹಾಬಳೇಶ್ವರಕ್ಕೆ ಹೋದಾಗ ಇಂಧನ ಹೆಚ್ಚಾಗಿ ಮಿಶ್ರಣ ದಟ್ಟವಾಗುತ್ತಿತ್ತು. ಜೊತೆಗೆ ಏಪ್ರಿಲ್ ಮಧ್ಯಾಹ್ನ ಸ್ವಾರಗೇಟಿನ ಸಿಗ್ನಲ್ಲಿನಲ್ಲಿ ನಿಂತರೆ ಇಂಧನ ಪೈಪಿನಲ್ಲಿಯೇ ಆವಿಯಾಗಿ ಎಂಜಿನ್ ಉಸಿರುಕಟ್ಟಿ ನಿಲ್ಲುತ್ತಿತ್ತು. ಒಮ್ಮೆ ಹಳೆಯ ರಬ್ಬರ್ ಪೈಪನ್ನು ಉದ್ದಕ್ಕೆ ಸೀಳಿ ನೋಡಿದಾಗ ಒಳಮೈ ನೆನೆದ ಹುಣಸೆಹಣ್ಣಿನಂತೆ ಮೆತ್ತಗಾಗಿ, ಉಗುರಿಗೆ ಕಪ್ಪು ಅಂಟಿತು. ಇಂಜೆಕ್ಷನ್ ಬೇಕೆಂದು ನಿಶ್ಚಯಿಸಿದ್ದು ಆ ದಿನ.

ಯಾವ ಬಗೆಯ ಇಂಜೆಕ್ಷನ್ ಎಂಬ ಪ್ರಶ್ನೆಯಲ್ಲಿ ನಾನು ಮೊದಲು ಎಡವಿದೆ. ಒಬ್ಬ ಮಾರಾಟಗಾರರು ಎಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಎರಡು ಕವಲುಗಳಿಗೂ ಒಂದೊಂದು ಇಂಜೆಕ್ಟರ್ ಕೂರಿಸುವ ಸೆಟ್ಟನ್ನು ಕೊಟ್ಟು, ಪೋರ್ಟಿಗೆ (ಸಿಲಿಂಡರಿಗೆ ಗಾಳಿ ಹೋಗುವ ದ್ವಾರ) ಹತ್ತಿರವಾದಷ್ಟೂ ಒಳ್ಳೆಯದು ಎಂದು ಭರವಸೆ ನೀಡಿದ್ದರು. ಇಂದಿನ ಕಾರುಗಳ ಮಟ್ಟಿಗೆ ಆ ಮಾತು ನಿಜ, ಏಕೆಂದರೆ ಅವುಗಳಲ್ಲಿ ಪ್ರತಿ ಸಿಲಿಂಡರಿಗೂ ತನ್ನದೇ ಪೋರ್ಟ್ ಇರುತ್ತದೆ. ಬಿ-ಸೀರೀಸ್ ಹೆಡ್ಡಿನಲ್ಲಿ, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳದಲ್ಲಿ, ಹಾಗಿಲ್ಲ. ಅದಕ್ಕಿರುವುದು ಒಟ್ಟು ಐದು ಪೋರ್ಟ್: ಹೊಗೆಗೆ ಮೂರು, ಗಾಳಿಗೆ ಎರಡು. ಒಂದು ಮತ್ತು ಎರಡನೆಯ ಸಿಲಿಂಡರುಗಳು ಒಂದೇ ಬಾಯಿಯಿಂದ ಉಸಿರೆಳೆದರೆ, ಮೂರು ಮತ್ತು ನಾಲ್ಕನೆಯವು ಇನ್ನೊಂದರಿಂದ ಎಳೆಯುತ್ತವೆ.

ಇದರ ಪರಿಣಾಮ ನನಗೆ ತಿಳಿದದ್ದು ಕಾತ್ರಜ್ ಘಾಟಿ ಹತ್ತಿ ಇಳಿದು ಬಂದ ಮೇಲೆ ಪ್ಲಗ್ಗುಗಳನ್ನು ಬಿಚ್ಚಿದಾಗ. ಹಳೆಯ ಪತ್ರಿಕೆಯ ಮೇಲೆ ನಾಲ್ಕನ್ನೂ ಸಾಲಾಗಿ ಇಟ್ಟೆ: ಎರಡು ಮತ್ತು ಮೂರನೆಯದರ ಮೇಲೆ ಒರೆಸಿದರೆ ಬೆರಳಿಗೆ ಬರುವಂಥ ಒಣ ಮಸಿ, ಒಂದು ಮತ್ತು ನಾಲ್ಕನೆಯದರ ಪಿಂಗಾಣಿ ಮಾತ್ರ ಸುಣ್ಣ ಬಳಿದಂತೆ ಬಿಳಿ. ಮಸಿ ಎಂದರೆ ಇಂಧನ ಹೆಚ್ಚು, ಬಿಳಿ ಎಂದರೆ ಕಡಿಮೆ. ಆದರೆ ಎಕ್ಸಾಸ್ಟಿನಲ್ಲಿ ಕೂರಿಸಿದ್ದ, ಗಾಳಿ-ಇಂಧನದ ಪ್ರಮಾಣ ತೋರಿಸುವ ಲ್ಯಾಂಬ್ಡಾ ಸೆನ್ಸರ್ ದಾರಿಯುದ್ದಕ್ಕೂ ಎಲ್ಲ ಸರಿಯಿದೆ ಎಂದೇ ತೋರಿಸಿತ್ತು, ಏಕೆಂದರೆ ಅದು ಓದುವುದು ನಾಲ್ಕೂ ಸಿಲಿಂಡರುಗಳ ಸರಾಸರಿಯನ್ನು. ಮಸಿಯಾದ ಎರಡು, ಸುಡುತ್ತಿದ್ದ ಎರಡು ಕೂಡಿ ಮೀಟರಿನಲ್ಲಿ ಸರಿಯಾದ ಒಂದು ಅಂಕಿಯಾಗಿ ಕಾಣುತ್ತಿದ್ದವು. ಇನ್ನೂ ನೂರಿನ್ನೂರು ಕಿ.ಮೀ. ಹಾಗೆಯೇ ಓಡಿಸಿದ್ದರೆ ಹೊರಗಿನ ಎರಡು ಪಿಸ್ಟನ್ನುಗಳಿಗೆ ಪೆಟ್ಟಾಗುತ್ತಿತ್ತೇನೋ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಕಾರಣವನ್ನು ಕಾಗದದ ಮೇಲೆ ಬರೆದುಕೊಂಡಾಗ ಸ್ಪಷ್ಟವಾಯಿತು. ಈ ಎಂಜಿನ್ನಿನ ಉರಿಯುವ ಕ್ರಮ 1-3-4-2. ಮೊದಲ ಪೋರ್ಟನ್ನಷ್ಟೇ ಗಮನಿಸಿದರೆ, ಎರಡನೆಯ ಸಿಲಿಂಡರ್ ಉಸಿರೆಳೆದ ಮೇಲೆ ಕ್ರ್ಯಾಂಕ್ 180 ಡಿಗ್ರಿ ತಿರುಗಿದಾಗ ಒಂದನೆಯದು ಎಳೆಯುತ್ತದೆ. ಅನಂತರ 540 ಡಿಗ್ರಿಯವರೆಗೆ ಆ ಪೋರ್ಟಿನಿಂದ ಯಾರೂ ಹೊಸದಾಗಿ ಎಳೆಯುವುದಿಲ್ಲ. ಇನ್ನೊಂದು ಪೋರ್ಟಿನಲ್ಲಿ ಮೂರರ ಬೆನ್ನಿಗೆ ನಾಲ್ಕು ಇದೇ ರೀತಿ ಬರುತ್ತದೆ. ಆ ದೀರ್ಘ ಬಿಡುವಿನಲ್ಲಿ ಇಂಜೆಕ್ಟರ್ ಚಿಮ್ಮಿಸಿದ ಇಂಧನವೆಲ್ಲ ಪೋರ್ಟಿನಲ್ಲಿ ಶೇಖರವಾಗಿ, ಮೊದಲು ಬಾಗಿಲು ತೆರೆಯುವ ಒಳಗಿನ ಸಿಲಿಂಡರಿನ ಪಾಲಾಗುತ್ತದೆ. ಹಿಂದೆಯೇ ಬರುವ ಹೊರಗಿನದಕ್ಕೆ ಆಗಲೇ ವೇಗ ಪಡೆದ ಗಾಳಿ ಧಾರಾಳವಾಗಿ ಸಿಗುತ್ತದೆ, ಇಂಧನ ಮಾತ್ರ ಸಿಗುವುದಿಲ್ಲ.

ಇದಕ್ಕೆ ಒಂದು ಪರಿಹಾರವಿದೆ. ಪ್ರತಿ ಕವಾಟ ತೆರೆದಿರುವ ಹೊತ್ತಿಗೆ ಸರಿಯಾಗಿ, ಒಳಗಿನದಕ್ಕೊಮ್ಮೆ ಹೊರಗಿನದಕ್ಕೊಮ್ಮೆ ಬೇರೆಬೇರೆಯಾಗಿ ಇಂಧನ ಚಿಮ್ಮಿಸಬೇಕು. ಇದೇ ಐದು ಪೋರ್ಟಿನ ಎ-ಸೀರೀಸ್ ಎಂಜಿನ್ ಇದ್ದ ಮಿನಿ ಕಾರಿಗೆ 1996ರಲ್ಲಿ ಎರಡು ಇಂಜೆಕ್ಟರಿನ ವ್ಯವಸ್ಥೆ ಬಂದಿತ್ತು. ನಾನೂ ಆ ದಾರಿಯನ್ನು ಗಂಭೀರವಾಗಿ ಲೆಕ್ಕಹಾಕಿದೆ. 4,000 ಆರ್‌ಪಿಎಂನಲ್ಲಿ 180 ಡಿಗ್ರಿ ಸರಿಯಲು ತಗಲುವ ಕಾಲ 7.5 ಮಿಲಿಸೆಕೆಂಡ್, ಇಂಜೆಕ್ಟರ್ ತೆರೆದುಕೊಳ್ಳುವುದಕ್ಕೇ ಅದರಲ್ಲಿ ಸುಮಾರು ಒಂದು ಮಿಲಿಸೆಕೆಂಡ್ ಹೋಗುತ್ತದೆ. ಉಳಿದ ಅವಧಿಯಲ್ಲಿ ಬೇಕಾದಷ್ಟು ಇಂಧನ ಹಾಯಿಸಲು ದೊಡ್ಡ ಇಂಜೆಕ್ಟರ್ ಬೇಕಾಗುತ್ತದೆ, ದೊಡ್ಡದನ್ನು ಹಾಕಿದರೆ ಐಡ್ಲಿಂಗಿನಲ್ಲಿ ಅಳತೆ ಹಿಡಿತಕ್ಕೆ ಸಿಗುವುದಿಲ್ಲ, ಮೇಲಾಗಿ ಕ್ಯಾಮ್‌ಶಾಫ್ಟಿನ ಸ್ಥಾನ ತಿಳಿಸುವ ಸೆನ್ಸರನ್ನೂ ಹೊಸದಾಗಿ ಕೂರಿಸಬೇಕು. ಕಾರ್ಖಾನೆಗೆ ಸಾಧ್ಯವಾದ ಈ ಕೆಲಸ ಐವತ್ತು ಅಶ್ವಶಕ್ತಿಯ ಒಂದು ಮನೆಗಾಡಿಗೆ ತಕ್ಕುದಲ್ಲವೆಂದು ನನಗೆ ತೋರಿತು.

ಹಾಗಾಗಿ, ಗಾಳಿಯನ್ನು ನಿಯಂತ್ರಿಸುವ ಬಾಯಿಯಲ್ಲಿಯೇ ಇಂಧನ ಚಿಮ್ಮಿಸುವ ಥ್ರಾಟಲ್ ಬಾಡಿ ಇಂಜೆಕ್ಷನ್ನಿನತ್ತ ಹೊರಳಿದೆ. ಮಿನಿಯೂ ಎರಡು ಇಂಜೆಕ್ಟರಿಗಿಂತ ಮೊದಲು, 1990ರ ದಶಕದ ಆರಂಭದಲ್ಲಿ, ಒಂದೇ ಇಂಜೆಕ್ಟರಿನ ಥ್ರಾಟಲ್ ಬಾಡಿಯಿಂದಲೇ ನಡೆದಿತ್ತು. ಕಾರ್ಬುರೇಟರ್ ಇದ್ದ ಜಾಗದಲ್ಲಿಯೇ ಇಂಧನ ಗಾಳಿಯಲ್ಲಿ ಬೆರೆತು, ಅನಂತರ ಎರಡು ಕವಲಾಗಿ ಹಂಚಿಹೋಗುತ್ತದೆ. ಯಾವ ಸಿಲಿಂಡರಿಗೆ ಗಾಳಿ ಎಷ್ಟೋ ಇಂಧನವೂ ಬಹುಮಟ್ಟಿಗೆ ಅಷ್ಟೇ. ಈ ಹೆಡ್ಡನ್ನು ರೂಪಿಸಿದವರು ಕಾರ್ಬುರೇಟರನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಿದ್ದರು, ಮ್ಯಾನಿಫೋಲ್ಡಿನ ಅಡಿಗೆ ಎಕ್ಸಾಸ್ಟಿನ ಬಿಸಿ ತಾಗಿ ಇಂಧನ ಆವಿಯಾಗಲೆಂದು ಏರ್ಪಾಡನ್ನೂ ಮಾಡಿದ್ದರು. ಪೋರ್ಟ್ ಇಂಜೆಕ್ಷನ್ನಿನಲ್ಲಿ ನಿರುಪಯುಕ್ತವಾಗುವ ಆ ಬಿಸಿ, ಥ್ರಾಟಲ್ ಬಾಡಿಗೆ ವರದಾನವಾಗುತ್ತದೆ.

ಇಂಜೆಕ್ಟರಿನ ಗಾತ್ರವನ್ನು ಊಹೆಗೆ ಬಿಡಲಿಲ್ಲ. 50 ಅಶ್ವಶಕ್ತಿ ಎಂದರೆ ಸುಮಾರು 37 ಕಿಲೋವ್ಯಾಟ್. ಕಿಲೋವ್ಯಾಟ್ ಗಂಟೆಗೆ 300 ಗ್ರಾಂ ಲೆಕ್ಕದಲ್ಲಿ ಗಂಟೆಗೆ 11 ಕೆ.ಜಿ., ಅಂದರೆ ನಿಮಿಷಕ್ಕೆ ಸುಮಾರು 250 ಸಿಸಿ ಪೆಟ್ರೋಲ್ ಬೇಕು. ಇಂಜೆಕ್ಟರ್ ಶೇ. 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದೆಂದು ಹಿಡಿದರೆ 310 ಸಿಸಿ ಆಗುತ್ತದೆ, ಎಥೆನಾಲಿನ ಪಾಲು ಸೇರಿದರೆ 340ರ ಹತ್ತಿರ. ಒಂದೇ ದೊಡ್ಡದರ ಬದಲು 170 ಸಿಸಿಯ ಎರಡನ್ನು ತೆಗೆದುಕೊಂಡು, ಒಂದಾದ ಮೇಲೊಂದು ಚಿಮ್ಮುವಂತೆ ಮಾಡಿದೆ. ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳಲ್ಲಿ ಒಂದು ಚಿಕ್ಕ ಕಾರಿನ ಥ್ರಾಟಲ್ ಬಾಡಿ ಸಿಕ್ಕಿತು. ಭೋಸರಿಯಲ್ಲಿ ಲೇತ್ ನಡೆಸುವ ಬೆಳಗಾವಿಯ ಗೆಳೆಯರೊಬ್ಬರು ಅದರ ಮೇಲೆ ಕೂರುವ ಅಲ್ಯೂಮಿನಿಯಂ ಗಟ್ಟಿಯನ್ನು ಕಡೆದುಕೊಟ್ಟರು. ಇಂಧನದ ಧಾರೆ ನೇರವಾಗಿ ಗೋಡೆಗೆ ಬಡಿಯದೆ ಬಟರ್‌ಫ್ಲೈ (ಗಾಳಿಯನ್ನು ತಡೆಯುವ ತಿರುಗು ತಟ್ಟೆ) ಅಂಚಿಗೆ ಬೀಳಬೇಕು, ಗಾಳಿಯ ವೇಗ ಅತಿ ಹೆಚ್ಚಿರುವುದು ಅಲ್ಲೇ ಎಂದು ನಾನು ಹೇಳಿದಾಗ, ಅವರು ಮೊದಲು ಸಾಗುವಾನಿಯಲ್ಲಿ ಒಂದು ಮಾದರಿ ಮಾಡಿ, ಅದರಲ್ಲಿ ನೀರು ಹಾಯಿಸಿ ಕೋನ ನೋಡಿಕೊಂಡರು. ಅಂಥ ಶ್ರದ್ಧೆ ಹಣಕ್ಕೆ ಸಿಗುವಂಥದಲ್ಲ.

ನಿಯಂತ್ರಣಕ್ಕೆ ಆರ್ಡುಯಿನೊ ಮೆಗಾ ಬೋರ್ಡಿನ ಮೇಲೆ ನಡೆಯುವ ಸ್ಪೀಡುಯಿನೊ ಎಂಬ ಎಂಜಿನ್ ನಿಯಂತ್ರಕವನ್ನು ಆರಿಸಿದೆ, ಏಕೆಂದರೆ ಅದರ ತಂತ್ರಾಂಶವೂ ನಕ್ಷೆಯೂ ಮುಕ್ತವಾಗಿವೆ, ಕೆಟ್ಟರೆ ನಾನೇ ಬೆಸುಗೆ ಹಾಕಬಲ್ಲೆ. ಆರ್‌ಪಿಎಂ ಸಂಕೇತವನ್ನು ಮೊದಲು ಇಗ್ನಿಷನ್ ಕಾಯಿಲಿನಿಂದ ಪಡೆದಿದ್ದೆ. ಪಾಯಿಂಟುಗಳ ಕಿಡಿಯ ಗದ್ದಲದಿಂದಾಗಿ 900ರಲ್ಲಿ ತಿರುಗುತ್ತಿದ್ದ ಎಂಜಿನ್ ಪರದೆಯ ಮೇಲೆ ಒಮ್ಮೊಮ್ಮೆ 3,000 ಎಂದು ತೋರಿ, ಪೆಟ್ರೋಲ್ ಸುರಿದು ಪ್ಲಗ್ ನೆನೆಯುತ್ತಿತ್ತು. ಕ್ರ್ಯಾಂಕ್ ಪುಲ್ಲಿಯ ಹಿಂದೆ 36ರಲ್ಲಿ ಒಂದು ಹಲ್ಲು ಬಿಟ್ಟ ಚಕ್ರ ಮತ್ತು ಸೆನ್ಸರ್ ಹಾಕಿದ ಮೇಲೆ ಆ ತೊಂದರೆ ಮರಳಲಿಲ್ಲ. ಪಂಪು 3 ಬಾರ್ ಒತ್ತಡದ್ದು; ಉಳಿದ ಇಂಧನ ಟ್ಯಾಂಕಿಗೆ ಹಿಂತಿರುಗುವ ಪೈಪು, ಎಥೆನಾಲ್ ತಾಳುವ ಫ್ಲೋರೊ ರಬ್ಬರಿನ ಕೊಳವೆ, ಎಂಜಿನ್ ನಿಂತೊಡನೆ ಪಂಪನ್ನೂ ನಿಲ್ಲಿಸುವ ರಿಲೇ, ಈ ಮೂರರಲ್ಲಿ ಒಂದನ್ನೂ ಬಿಡಬಾರದು. ಇಂಧನ ಸದಾ ಸುತ್ತುತ್ತಲೇ ಇರುವುದರಿಂದ ಸ್ವಾರಗೇಟಿನ ಆವಿಯ ಕಾಟ ತಾನಾಗಿಯೇ ತೀರಿತು.

ಮೂಲ ಮ್ಯಾನಿಫೋಲ್ಡಿಗೆ ಒಂದು ರಂಧ್ರವನ್ನೂ ಕೊರೆಯಲಿಲ್ಲ. ಮೊದಲ ಸೆಟ್ಟನ್ನು ಕೂರಿಸಿದ್ದು ಬೇರೊಂದು ಹಳೆಯ ಮ್ಯಾನಿಫೋಲ್ಡಿಗೆ. 2021ರಲ್ಲಿ ಬಂದ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಎಂಜಿನ್ ಸೇರಿದಂತೆ ಮೂಲಸ್ವರೂಪ ಉಳಿಸಿಕೊಂಡ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು; ನಮ್ಮದಕ್ಕೆ 2028ರಲ್ಲಿ ಆ ವಯಸ್ಸಾಗುತ್ತದೆ. ಎಸ್‌ಯು ಕಾರ್ಬುರೇಟರ್ ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಸುತ್ತಿಕೊಂಡು ಪೆಟ್ಟಿಗೆಯಲ್ಲಿದೆ, ಒಂದೇ ದಿನದಲ್ಲಿ ಮರಳಿ ಕೂರಿಸಬಹುದು.

ಕಳೆದ ದೀಪಾವಳಿಗೆ ಖಂಬಾಟ್ಕಿ ಘಾಟಿ, ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾಟಿ 400ಕ್ಕೂ ಹೆಚ್ಚು ಕಿ.ಮೀ. ಓಡಿಸಿಕೊಂಡು ಧಾರವಾಡ ಸೇರಿದೆ. ಸಮದಾರಿಯಲ್ಲಿ ಲ್ಯಾಂಬ್ಡಾ 1 (ಗಾಳಿ-ಇಂಧನ ಸರಿಸಮ), ಏರಿನಲ್ಲಿ 0.88ರ (ಇಂಧನ ತುಸು ಹೆಚ್ಚು) ಆಸುಪಾಸು ಇತ್ತು. ಆದರೂ ಮೀಟರನ್ನು ನಂಬದೆ, ಎಂಜಿನ್ ಆರಿದ ಮೇಲೆ ಮನೆಯ ಕಟ್ಟೆಯ ಮೇಲೆ ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿಟ್ಟೆ. ಒಂದು ಮತ್ತು ನಾಲ್ಕನೆಯದು ಇನ್ನೂ ಕೂದಲೆಳೆಯಷ್ಟು ತಿಳಿ, ಉಳಿದೆರಡು ಹುರಿದ ಶೇಂಗಾದ ಸಿಪ್ಪೆಯ ಬಣ್ಣ. ತಂದೆಯವರು ಕನ್ನಡಕ ಏರಿಸಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ಅವರೇ ಅವುಗಳನ್ನು ಕೈಯಿಂದ ತಿರುಗಿಸಿ ಎಂಜಿನ್ನಿಗೆ ಮರಳಿ ಕೂರಿಸಿದರು.