ಯುದ್ಧ ಕಂಡ ವಾಯುಸೈನಿಕರ ಬದುಕನ್ನು ದಾಖಲಿಸಿಡುವುದು ಹೇಗೆ

ಮನೆಯ ಹಿರಿಯರ ಮುಂದೆ ಫೋನ್ ಹಿಡಿದು ‘ಯುದ್ಧದ ಕಥೆ ಹೇಳಿ’ ಎನ್ನುವ ಮೊದಲು ಅವರ ಬೀರು ತೆಗೆಯಿರಿ. 1965ರ ಪಾಕಿಸ್ತಾನ ಯುದ್ಧದಲ್ಲಿ ದುಡಿದವರು ಈಗ ಎಂಬತ್ತರ ಆಸುಪಾಸಿನಲ್ಲಿ ಇಲ್ಲವೇ ಅದರಾಚೆ ಇದ್ದಾರೆ, 1971ರವರು ಎಪ್ಪತ್ತು ದಾಟಿದ್ದಾರೆ. ಘಟನೆ ನೆನಪಿರುತ್ತದೆ, ತಾರೀಖು, ವಾಯುನೆಲೆ, ವಿಮಾನದ ನಂಬರು ಒಂದರೊಳಗೊಂದು ಕಲೆತಿರುತ್ತವೆ. ಕೈಯಲ್ಲಿ ಕಾಗದವಿದ್ದರೆ ಅವನ್ನು ಬಿಡಿಸಿಕೊಳ್ಳಬಹುದು. ಆದ್ದರಿಂದ ಕಾಗದ ಮೊದಲು, ಮಾತು ಆಮೇಲೆ.

ಇದು ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಪ್ರಕರಣವೇ ಸಾಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಅವರ ಮಿಸ್ಟೇರ್ ವಿಮಾನ ಹಿಂತಿರುಗಲಿಲ್ಲ. ಅವರು ಸಾಯುವ ಮುನ್ನ ತಮಗಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನವೊಂದನ್ನು ಕೆಡವಿದ್ದರು ಎಂಬುದು ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. 1979ರಲ್ಲಿ ಪಾಕಿಸ್ತಾನದ ಮೂಲಗಳನ್ನು ಆಧರಿಸಿ ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕ ಬಂದ ಮೇಲೆ ಎರಡೂ ಕಡೆಯ ವಿವರ ತಾಳೆಯಾಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಹೀಗೆ ತಾಳೆ ನೋಡುವುದಕ್ಕೆ ಬೇಕಾಗುವುದು ಯಾವ ದಿನ, ಯಾವ ಸ್ಕ್ವಾಡ್ರನ್, ಯಾವ ವಿಮಾನ, ಯಾವ ಜಾಗ ಎಂಬ ಒಣ ವಿವರಗಳೇ. ‘ವೀರಾವೇಶದಿಂದ ಹೋರಾಡಿದರು’ ಎಂಬ ಸಾಲಿನಿಂದ ಏನೂ ಆಗದು.

ಪೈಲಟ್ ಆಗಿದ್ದವರ ಮನೆಯಲ್ಲಿ ಮೊದಲು ಹುಡುಕಬೇಕಾದದ್ದು ಲಾಗ್‌ಬುಕ್. ಪ್ರತಿ ಹಾರಾಟದ ತಾರೀಖು, ವಿಮಾನದ ಮಾದರಿ ಮತ್ತು ನಂಬರು, ಕೆಲಸ, ಹಾರಿದ ಹೊತ್ತು ಅದರಲ್ಲಿರುತ್ತವೆ. ನಂಬರಿನ ಮೊದಲ ಅಕ್ಷರಗಳನ್ನು ಬಿಡದೆ ಬರೆದುಕೊಳ್ಳಿ: ಐಇ ಎಂದಿದ್ದರೆ ನ್ಯಾಟ್ ಯುದ್ಧವಿಮಾನ, ಬಿಎ ಎಂದಿದ್ದರೆ ಹಂಟರ್. ರಾತ್ರಿ ಹಾರಾಟವನ್ನು ಕೆಂಪು ಶಾಯಿಯಲ್ಲಿ ಬರೆಯುವ ಹಳೆಯ ರೂಢಿ ಇದೆ. ಹಾಗಾಗಿ ಕಪ್ಪುಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿದರೆ ಅರ್ಧ ಮಾಹಿತಿ ಹೋಯಿತೆಂದೇ ಲೆಕ್ಕ. ಖಾಲಿ ಪುಟ, ರಟ್ಟು, ಅಂಚಿನ ಗೀಚು, ತಿಂಗಳ ಕೊನೆಯ ಸಹಿ ಎಲ್ಲವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ.

ಆದರೆ ವಾಯುಸೇನೆ ಎಂದರೆ ಪೈಲಟ್‌ಗಳಷ್ಟೇ ಅಲ್ಲ. ಬೆಂಗಳೂರಿನ ಜಾಲಹಳ್ಳಿಯಂಥ ಕಡೆ ತರಬೇತಿ ಪಡೆದು ಎಂಜಿನ್ ಫಿಟ್ಟರ್, ರೇಡಿಯೊ ಮೆಕ್ಯಾನಿಕ್ ಆಗಿ ದುಡಿದವರಿಗೆ ಲಾಗ್‌ಬುಕ್ ಇರುವುದಿಲ್ಲ, ‘ನಮ್ಮದೇನು ಕಥೆ’ ಎಂದು ಅವರೂ ಸುಮ್ಮನಾಗುತ್ತಾರೆ. ಅವರ ಡಿಸ್‌ಚಾರ್ಜ್ ಪತ್ರ, ಟ್ರೇಡ್ ಪರೀಕ್ಷೆಯ ಪ್ರಮಾಣಪತ್ರ, ಮನೆಗೆ ಬರೆದ ಇನ್‌ಲ್ಯಾಂಡ್ ಪತ್ರಗಳನ್ನು ಹುಡುಕಿ. ಏನೂ ಸಿಗದಿದ್ದರೆ ಪಿಪಿಓ, ಅಂದರೆ ಪಿಂಚಣಿ ಪಾವತಿ ಆದೇಶ ನೋಡಿ. ಸರ್ವಿಸ್ ನಂಬರು ಅಲ್ಲಿರುತ್ತದೆ. ಅಧಿಕಾರಿಗಳ ನಂಬರಿನ ಕೊನೆಯಲ್ಲಿ ಬರುವ ಅಕ್ಷರಗಳೂ ಮುಖ್ಯ: ಎಫ್-ಪಿ ಎಂದಿದ್ದರೆ ಪೈಲಟ್, ಎಇ ಎಂದಿದ್ದರೆ ತಾಂತ್ರಿಕ ಶಾಖೆ.

ಪದಕಗಳೂ ಮಾತಾಡುತ್ತವೆ. ಸಮರ ಸೇವಾ ಸ್ಟಾರ್, ರಕ್ಷಾ ಮೆಡಲ್ 1965ರವು. ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್ 1971ರವು. ಪೂರ್ವಿ ಇದ್ದರೆ ಪೂರ್ವ ರಂಗದಲ್ಲಿ, ಪಶ್ಚಿಮಿ ಇದ್ದರೆ ಪಶ್ಚಿಮ ರಂಗದಲ್ಲಿ ಇದ್ದರೆಂದು ತಿಳಿಯಬಹುದು. ದುಂಡು ಪದಕದ ಅಂಚಿನಲ್ಲಿ ನಂಬರು, ಹೆಸರು ಕೊರೆದಿರುವುದನ್ನು ಭೂತಗನ್ನಡಿ ಹಿಡಿದು ಓದಿಕೊಳ್ಳಿ. ಬ್ರಾಸೊ ಹಾಕಿ ಉಜ್ಜಬೇಡಿ. ಹೊಳಪು ಬರುತ್ತದೆ, ಅಕ್ಷರ ಸವೆಯುತ್ತದೆ.

ಸ್ಕ್ಯಾನಿಂಗ್‌ಗೆ ಕಾಗದಕ್ಕೆ 400 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ), ಫೋಟೊಗೆ 600, 35 ಎಂಎಂ ನೆಗೆಟಿವ್‌ಗೆ 2400ರ ಮೇಲೆ ಇಟ್ಟುಕೊಳ್ಳಿ. ಮೂಲ ಸ್ಕ್ಯಾನನ್ನು ಟಿಫ್ ಫೈಲಾಗಿ ಉಳಿಸಿ, ಹಂಚಲು ಜೆಪೆಗ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಜೊತೆಗಿದ್ದ ತಾರೀಖಿನ ಮಾಹಿತಿಯೂ ಕಳಚಿಹೋಗುತ್ತದೆ; ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊದ ಹಿಂಬದಿಯ ಬರಹವನ್ನು ಸ್ಕ್ಯಾನ್ ಮಾಡಲು ಮರೆಯುವವರೇ ಹೆಚ್ಚು. ನೀವು ಹೆಸರು ಬರೆಯುವುದಾದರೆ 2ಬಿ ಪೆನ್ಸಿಲ್ ಬಳಸಿ, ಬಾಲ್‌ಪೆನ್ ಬೇಡ.

ಹಳೆಯ ಕಾಗದಕ್ಕೆ ನಮ್ಮಲ್ಲಿ ಗೆದ್ದಲಿಗಿಂತ ದೊಡ್ಡ ಶತ್ರು ಲ್ಯಾಮಿನೇಷನ್ ಅಂಗಡಿ. ಬಿಸಿ, ಅಂಟು, ಪ್ಲಾಸ್ಟಿಕ್ ಮೂರೂ ಸೇರಿದ ಮೇಲೆ ಕಾಗದವನ್ನು ಬಿಡಿಸಲು ಆಗದು. ಸೆಲೋಟೇಪು, ಅಂಟು ಹಾಳೆಯ ಆಲ್ಬಮ್‌ಗಳದ್ದೂ ಇದೇ ಕಥೆ. ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಚಪ್ಪಟೆಯಾಗಿಟ್ಟು, ಸ್ಟೀಲ್ ಬೀರುವನ್ನು ಹೊರಗೋಡೆಗೆ ತಾಗಿಸದೆ ನಿಲ್ಲಿಸಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸಿ. ನುಸಿಗುಳಿಗೆ ಫೋಟೊ ಹತ್ತಿರ ಬೇಡ.

ಇನ್ನು ಸಂದರ್ಶನ. ಬೆಳಿಗ್ಗೆ ಕೂರಿಸಿ, ಒಮ್ಮೆಗೆ 45 ನಿಮಿಷ ಸಾಕು. ಫ್ಯಾನ್ ಆರಿಸಿ, ರೆಕಾರ್ಡಿಂಗ್ ಹಾಳಾಗುವುದು ಬಹುಪಾಲು ಅದರಿಂದಲೇ. 48 ಕಿಲೋಹರ್ಟ್ಸ್, 24 ಬಿಟ್‌ನ ಒಂದೇ ಚಾನೆಲ್ಲಿನ (ಮೊನೊ) ವೇವ್ ಫೈಲು ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ, ಫೋನಿನಲ್ಲಿ ಜಾಗ ನೋಡಿಕೊಳ್ಳಿ. ಕೊಡವ ತಕ್ಕೋ ತುಳುವೋ ಹವ್ಯಕವೋ, ಅವರ ಮನೆಮಾತಿನಲ್ಲೇ ಮಾತಾಡಲಿ.

‘ಎಷ್ಟು ವಿಮಾನ ಹೊಡೆದಿರಿ’ ಎಂದು ಶುರುಮಾಡಿದರೆ ನಾಲ್ಕು ವಾಕ್ಯದಲ್ಲಿ ಮುಗಿಯುತ್ತದೆ. ಎಷ್ಟು ಹೊತ್ತಿಗೆ ಎದ್ದಿರಿ, ಎಲ್ಲಿ ಮಲಗುತ್ತಿದ್ದಿರಿ, ವಿಮಾನ ಇಳಿದ ಮೇಲೆ ಮತ್ತೆ ಸಜ್ಜಾಗಲು ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಕೇಳಿ. ವಿಮಾನದ ಗನ್, ಬಾಂಬು ನೋಡಿಕೊಳ್ಳುವ ಆರ್ಮರರ್ ಆಗಿದ್ದರೆ ನ್ಯಾಟ್‌ನ ಎರಡು 30 ಎಂಎಂ ಗನ್‌ಗಳು ಸಿಕ್ಕಿಹಾಕಿಕೊಳ್ಳುತ್ತಿದ್ದ ಬಗ್ಗೆ ಕೇಳಿ, ಮಾತು ನಿಲ್ಲುವುದಿಲ್ಲ. ತಾರೀಖು ತಪ್ಪಿದರೆ ತಿದ್ದಲು ಹೋಗದೆ ಗುರುತಿನ ದಿನಗಳನ್ನು ಕೊಡಿ: ಪೂರ್ವ ಗಡಿಯ ಬೊಯ್ರಾ ವಾಯು ಕಾಳಗ 1971ರ ನವೆಂಬರ್ 22, ನಮ್ಮ ವಾಯುನೆಲೆಗಳ ಮೇಲೆ ದಾಳಿಯಾದದ್ದು ಡಿಸೆಂಬರ್ 3ರ ಸಂಜೆ, ಢಾಕಾ ಶರಣಾಗತಿ ಡಿಸೆಂಬರ್ 16. ‘ಅದಕ್ಕೆ ಮುಂಚೆಯೋ ಆಮೇಲೋ’ ಎಂದರೆ ಅವರೇ ಹೇಳುತ್ತಾರೆ. ಸತ್ತ ಗೆಳೆಯರ ಪ್ರಸ್ತಾಪ ಬಂದು ಮೌನವಾದರೆ ಮುಂದಿನ ಪ್ರಶ್ನೆಗೆ ಹಾರಬೇಡಿ. ನಿಲ್ಲಿಸಿ ಎಂದರೆ ನಿಲ್ಲಿಸಿ.

ಬೇರೆ ಮೂಲಗಳ ಜೊತೆ ಹೋಲಿಸುವಾಗ ಗಡಿಯಾರ ಎಡವಿಸುತ್ತದೆ. ಆಗ ಢಾಕಾ ಸಮಯ ನಮಗಿಂತ ಅರ್ಧ ಗಂಟೆ ಮುಂದೆ, ಪಶ್ಚಿಮ ಪಾಕಿಸ್ತಾನದ್ದು ಅರ್ಧ ಗಂಟೆ ಹಿಂದೆ. ಹೇಳಿದ್ದು, ದಾಖಲೆಯಲ್ಲಿದ್ದದ್ದು ಬೇರೆಯಾದರೆ ಎರಡನ್ನೂ ಬರೆದಿಡಿ, ಯಾವುದನ್ನೂ ಅಳಿಸಬೇಡಿ. ಶೌರ್ಯ ಪ್ರಶಸ್ತಿ ಬಂದಿದ್ದರೆ ಅದರ ಅಧಿಸೂಚನೆ ಭಾರತದ ಗೆಜೆಟ್‌ನ ಭಾಗ 1, ವಿಭಾಗ 1ರಲ್ಲಿರುತ್ತದೆ.

ಏರ್‌ಮನ್‌ಗಳ (ಅಧಿಕಾರಿಗಳಲ್ಲದ ವಾಯುಸೈನಿಕರ) ಸೇವಾ ದಾಖಲೆ ದೆಹಲಿಯ ಸುಬ್ರೊತೊ ಪಾರ್ಕಿನ ಏರ್‌ಫೋರ್ಸ್ ರೆಕಾರ್ಡ್ ಆಫೀಸಿನಲ್ಲಿದೆ. ಅವರು ಬದುಕಿದ್ದರೆ ಅವರ ಸಹಿಯಲ್ಲೇ ಅರ್ಜಿ ಹೋಗಲಿ. ಇಲ್ಲದಿದ್ದರೆ ಮರಣ ಪ್ರಮಾಣಪತ್ರ, ಸಂಬಂಧದ ಪುರಾವೆ ಲಗತ್ತಿಸಿ. 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯೂ ಒಂದು ದಾರಿ, ಆದರೆ ಪುರಾವೆಯಿಲ್ಲದೆ ಹಾಕಿದರೆ ‘ಬೇರೊಬ್ಬರ ವೈಯಕ್ತಿಕ ಮಾಹಿತಿ’ ಎಂದು ತಿರಸ್ಕರಿಸುವ ಸಾಧ್ಯತೆ ಹೆಚ್ಚು.

ಎಲ್ಲದರ ಮೂರು ಪ್ರತಿ ಮಾಡಿ, ಒಂದು ಬೇರೆ ಊರಿನಲ್ಲಿರಲಿ. ವಸ್ತುಸಂಗ್ರಹಾಲಯಕ್ಕೆ ಕೊಡುವುದಾದರೆ ಮೊದಲು ಸ್ಕ್ಯಾನ್ ಪ್ರತಿ ಕೊಟ್ಟು ನೋಡಿ. ಮೂಲವನ್ನೇ ಕೊಡುವಾಗ ಪ್ರತಿ ವಸ್ತುವಿನ ಪಟ್ಟಿ, ಅದು ದಾನವೋ ಎರವಲೋ, ಪ್ರದರ್ಶನಕ್ಕಿಡದಿದ್ದರೆ ಹಿಂದಿರುಗಿಸುತ್ತಾರೋ ಎಂಬುದನ್ನು ಬರೆಸಿ ಸಹಿ ಹಾಕಿಸಿಕೊಳ್ಳಿ. ಲೇಖನ ಬರೆಯುತ್ತೇವೆಂದು ಬಂದವರ ಕೈಗೆ ಮೂಲ ಫೋಟೊ ಕೊಡಲೇಬೇಡಿ.