ಕೂಲಿ ಸಿಗದ ದಿನವನ್ನೂ ಲೆಕ್ಕಕ್ಕೆ ಹಿಡಿದಾಗ

ನಮ್ಮ ದೇಶದ ಕೆಲಸಗಾರರ ನಡುವೆ ಕೂಲಿ, ಸಂಬಳದ ಅಂತರ ಎಷ್ಟಿದೆ ಎಂದು ಲೆಕ್ಕ ಹಾಕಲು ನಾನು ಬಳಸುವುದು ಪಿಎಲ್‌ಎಫ್‌ಎಸ್ (ಪೀರಿಯಾಡಿಕ್ ಲೇಬರ್ ಫೋರ್ಸ್ ಸರ್ವೆ, ಅಂದರೆ ದುಡಿಯುವವರ ಬಗ್ಗೆ ನಿಯಮಿತವಾಗಿ ನಡೆಯುವ ಸಮೀಕ್ಷೆ) ಮಾಹಿತಿಯನ್ನು. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2017ರ ಏಪ್ರಿಲ್‌ನಿಂದ ನಡೆಸುತ್ತಾ ಬಂದಿರುವ ಸಮೀಕ್ಷೆ ಇದು. ಅದಕ್ಕೂ ಮುಂಚೆ ಸುಮಾರು ಐದು ವರ್ಷಕ್ಕೊಮ್ಮೆ ಇಂಥದ್ದೊಂದು ದೊಡ್ಡ ಸಮೀಕ್ಷೆ ನಡೆಯುತ್ತಿತ್ತು. ಅದರಲ್ಲಿ ಕೊನೆಯದು 2011-12ರದ್ದು.

ವರದಿಯಲ್ಲಿ ಸಿಗುವುದು ಸರಾಸರಿ. ಸರಾಸರಿ ನೋಡಿದರೆ ಅಂತರ ತಿಳಿಯುವುದಿಲ್ಲ ಅಲ್ವಾ? ಅದಕ್ಕೆ ಒಬ್ಬೊಬ್ಬರ ಮಾಹಿತಿಯೇ ಬೇಕು. ಹೆಸರು, ವಿಳಾಸ ತೆಗೆದುಹಾಕಿದ ಆ ಫೈಲುಗಳನ್ನು ಸಾಂಖ್ಯಿಕ ಸಚಿವಾಲಯ ಪುಕ್ಕಟೆಯಾಗಿ ಕೊಡುತ್ತದೆ. ತೆರೆದರೆ ಬರೀ ಅಂಕಿಗಳ ಉದ್ದುದ್ದ ಸಾಲುಗಳು. ಒಂದು ಸಾಲು ಎಂದರೆ ಒಬ್ಬ ಮನುಷ್ಯ. ಎಷ್ಟನೇ ಅಂಕಿಯಿಂದ ಎಷ್ಟನೆಯದರವರೆಗೆ ಏನಿದೆ ಎಂದು ಹೇಳುವ ಪಟ್ಟಿ ಜೊತೆಯಲ್ಲೇ ಇರುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು.

ದಿನಗೂಲಿಯವರ ಸಾಲು ನೋಡಿ. ಹಿಂದಿನ ಏಳು ದಿನಗಳಲ್ಲಿ ಪ್ರತಿ ದಿನ ಏನು ಕೆಲಸ, ಎಷ್ಟು ಗಂಟೆ, ಎಷ್ಟು ಕೂಲಿ, ಎಲ್ಲವೂ ಬೇರೆ ಬೇರೆಯಾಗಿ ಇರುತ್ತದೆ. ಪ್ರತಿ ದಿನಕ್ಕೂ ಒಂದು ಕೋಡ್. ಕೂಲಿಗೆ ಹೋದ ದಿನ 51. ಕೆಲಸ ಹುಡುಕಿಯೂ ಸಿಗದ ದಿನ 81. ಜ್ವರ ಬಂದು ಮಲಗಿದರೆ 98. ತಿಂಗಳ ಸಂಬಳದವರಿಗೆ ಜ್ವರ ಬಂದರೆ ಕೋಡ್ ಬೇರೆ, 71. 71 ಬಿದ್ದವರು ಆ ದಿನವೂ ಕೆಲಸದಲ್ಲಿ ಇದ್ದವರು ಎಂದೇ ಲೆಕ್ಕ. 98 ಬಿದ್ದವರು ಆ ದಿನ ದುಡಿಯುವವರ ಪಟ್ಟಿಯಿಂದಲೇ ಹೊರಗೆ. ಕಾಯಿಲೆ ಒಂದೇ, ಲೆಕ್ಕ ಎರಡು. ಸಮೀಕ್ಷೆಯವರ ತಪ್ಪೇನೂ ಇಲ್ಲ, ಹೊರಗೆ ಇರುವುದನ್ನೇ ಅವರು ಬರೆದುಕೊಂಡಿದ್ದಾರೆ. ಆದರೂ ಈ ಎರಡು ಕೋಡ್‌ಗಳು ಅಕ್ಕಪಕ್ಕ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸಂಬಳದವರ ಗಳಿಕೆ ಹಿಂದಿನ ತಿಂಗಳದ್ದು, ಕೂಲಿಯವರದ್ದು ದಿನದ್ದು. ಇಬ್ಬರನ್ನೂ ಒಂದೇ ಅಳತೆಗೆ ತರಬೇಕು. ಬಹಳ ಜನ ಸಂಬಳವನ್ನು 30ರಿಂದ ಭಾಗಿಸಿ ದಿನದ ಲೆಕ್ಕ ಮಾಡುತ್ತಾರೆ. ಸುಲಭ, ಆದರೆ ಅಲ್ಲೇ ದೊಡ್ಡದೊಂದು ಕೈತಪ್ಪಿ ಹೋಗುತ್ತದೆ. ಉದಾಹರಣೆಗೆ, ಒಬ್ಬರಿಗೆ ತಿಂಗಳಿಗೆ 20,000 ಸಂಬಳ, ಇನ್ನೊಬ್ಬರಿಗೆ ದಿನಕ್ಕೆ 500 ಕೂಲಿ ಎಂದುಕೊಳ್ಳೋಣ. ದಿನದ ಲೆಕ್ಕದಲ್ಲಿ 667 ಮತ್ತು 500. ಅಂತರ ಒಂದೂಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಈಗ ಕೂಲಿಯವರಿಗೆ ಆ ವಾರ ನಾಲ್ಕೇ ದಿನ ಕೆಲಸ ಸಿಕ್ಕಿದೆ ಎನ್ನಿ. ವಾರಕ್ಕೆ ಅವರ ಕೈಗೆ ಬಂದಿದ್ದು 2,000. ಸಂಬಳದವರಿಗೆ ಭಾನುವಾರವೂ ಸೇರಿ ಸುಮಾರು 4,667. ಅಂತರ ಎರಡು ಪಟ್ಟು ದಾಟಿತು. ಕೂಲಿ ದರ ಒಂದು ಪೈಸೆಯೂ ಬದಲಾಗಿಲ್ಲ.

ಆದ್ದರಿಂದ ನಾನು ಏಳು ದಿನದ ಕೂಲಿ ಕೂಡಿಸಿ ವಾರದ ಗಳಿಕೆ ತೆಗೆಯುತ್ತೇನೆ. ವರ್ಷದ ಬಹುಪಾಲು ಕೂಲಿಯನ್ನೇ ನಂಬಿರುವವರಿಗೆ ಆ ವಾರ ಒಂದು ದಿನವೂ ಕೆಲಸ ಸಿಗದಿದ್ದರೆ ಸೊನ್ನೆ ಬರೆದು ಅವರನ್ನೂ ಒಳಗೆ ಉಳಿಸಿಕೊಳ್ಳುತ್ತೇನೆ. ಇದಕ್ಕೆ ಒಂದು ನ್ಯಾಯವಾದ ಆಕ್ಷೇಪ ಇದೆ. ಈ ವಾರ ಕೆಲಸ ಸಿಗದವರಿಗೆ ಮುಂದಿನ ವಾರ ಸಿಗಬಹುದು, ಹಾಗಾಗಿ ವಾರದ ಲೆಕ್ಕ ಅಂತರವನ್ನು ಹಿಗ್ಗಿಸುತ್ತದೆ. ನಿಜ. ಅದಕ್ಕೇ ದಿನದ ಅಂಕಿ, ವಾರದ ಅಂಕಿ ಎರಡನ್ನೂ ಅಕ್ಕಪಕ್ಕ ಕೊಡುತ್ತೇನೆ. ಬರೀ ದಿನದ್ದು ಕೊಟ್ಟರೆ ಕೆಲಸ ಸಿಗದ ಬಡತನ ಕಾಣುವುದೇ ಇಲ್ಲ.

ಲೆಕ್ಕ ಶುರು ಮಾಡುವ ಮುಂಚೆ ವೇಯ್ಟ್ ಹಾಕಬೇಕು. ಸ್ಯಾಂಪಲ್‌ನಲ್ಲಿರುವ ಒಬ್ಬೊಬ್ಬರೂ ಹೊರಗಿನ ಸಾವಿರಾರು ಜನರ ಪರವಾಗಿ ನಿಂತಿರುತ್ತಾರೆ, ಎಲ್ಲರೂ ಒಂದೇ ಸಂಖ್ಯೆಯವರ ಪರವಾಗಿ ಅಲ್ಲ. ಫೈಲಿನ ಜೊತೆ ಕೊಟ್ಟಿರುವ ಸೂಚನೆಯಂತೆ ಗುಣಕವನ್ನು (ವೇಯ್ಟ್‌ಗಾಗಿ ಪ್ರತಿ ಸಾಲಿನಲ್ಲೂ ಕೊಟ್ಟಿರುವ ಅಂಕಿಯನ್ನು) 100 ಅಥವಾ 200ರಿಂದ, ವರ್ಷದ ಲೆಕ್ಕವಾದರೆ ಮತ್ತೆ 4 ತ್ರೈಮಾಸಿಕಗಳಿಂದ ಭಾಗಿಸಬೇಕು. ಆಮೇಲೆ ಸರ್ಕಾರಿ ವರದಿಯ ಒಂದು ಪಟ್ಟಿ ನನ್ನ ಲೆಕ್ಕದಲ್ಲೂ ಹಾಗೇ ಬರುತ್ತದಾ ಎಂದು ನೋಡುತ್ತೇನೆ. ಬರುವವರೆಗೆ ಮುಂದಕ್ಕೆ ಹೋಗುವುದಿಲ್ಲ.

ಇನ್ನು ಅಳತೆ. ಎಲ್ಲರಿಗೂ ಗೊತ್ತಿರುವುದು ಗಿನಿ ಸೂಚ್ಯಂಕ. ಇಟಲಿಯ ಕೊರ‍್ರಾದೊ ಗಿನಿ 1912ರಲ್ಲಿ ಕೊಟ್ಟಿದ್ದು. ಎಲ್ಲರಿಗೂ ಒಂದೇ ಗಳಿಕೆ ಇದ್ದರೆ 0, ಎಲ್ಲವೂ ಒಬ್ಬರ ಪಾಲಾದರೆ 1ರ ಹತ್ತಿರ. ಆದರೆ ಅಂತರ ಎಲ್ಲಿಂದ ಬಂತು ಎಂದು ಗಿನಿ ಸಲೀಸಾಗಿ ಬಿಡಿಸಿ ಹೇಳುವುದಿಲ್ಲ. ಅದಕ್ಕೆ ಥೀಲ್ ಸೂಚ್ಯಂಕ ಒಳ್ಳೆಯದು. ಕೂಲಿಯವರು ಮತ್ತು ಸಂಬಳದವರ ನಡುವಿನ ಅಂತರ ಎಷ್ಟು, ಸಂಬಳದವರ ಒಳಗೇ ಎಷ್ಟು ಎಂದು ಅದು ಪಾಲು ಮಾಡಿ ಕೊಡುತ್ತದೆ. ಸಂಬಳದವರ ಒಳಗಿನ ಅಂತರ ಕೂಲಿಯವರ ಒಳಗಿನದ್ದಕ್ಕಿಂತ ಜಾಸ್ತಿ. ಅಂಗಡಿಯಲ್ಲಿ ಸಂಬಳಕ್ಕೆ ಇರುವ ಹುಡುಗಿಯೂ ಬೆಂಗಳೂರಿನ ಸಾಫ್ಟ್‌ವೇರ್ ಮ್ಯಾನೇಜರ್ ಕೂಡ ಸಂಬಳದವರಿಗೆ ಹಾಕುವ ಅದೇ 31ರ ಕೋಡ್‌ನಲ್ಲಿದ್ದಾರೆ.

ಥೀಲ್ ಬಳಸುವವರಿಗೆ ಒಂದು ಎಚ್ಚರಿಕೆ. ಆ ಸೂತ್ರದಲ್ಲಿ ಲಾಗರಿದಮ್ ಇದೆ, ಸೊನ್ನೆಗೆ ಲಾಗರಿದಮ್ ಇಲ್ಲ. ಗಳಿಕೆ ಸೊನ್ನೆ ಇರುವ ಸಾಲುಗಳನ್ನು ಕೆಲವು ಪ್ರೋಗ್ರಾಂಗಳು ಸುಮ್ನೆ ಬಿಟ್ಟುಬಿಡುತ್ತವೆ. ಕೆಲಸ ಸಿಗದವರನ್ನು ಕಷ್ಟಪಟ್ಟು ಒಳಗೆ ತಂದಿರುತ್ತೇವೆ, ಅವರು ಇಲ್ಲಿ ಸದ್ದಿಲ್ಲದೆ ಮತ್ತೆ ಹೊರಗೆ ಬೀಳುತ್ತಾರೆ. ಎಷ್ಟು ಸಾಲು ಲೆಕ್ಕಕ್ಕೆ ಬಂತು ಎಂದು ಪ್ರತಿ ಸಲ ನೋಡಿ.

ಶೇಕಡಾವಾರು ಸ್ಥಾನಗಳನ್ನೂ ಹೋಲಿಸುತ್ತೇನೆ, ಅತಿ ಹೆಚ್ಚು ಗಳಿಸುವ ಹತ್ತನೇ ಒಂದು ಪಾಲು ಜನರ ಗಳಿಕೆ ಶುರುವಾಗುವ ಗಡಿ, ಅತಿ ಕಡಿಮೆ ಗಳಿಸುವ ಹತ್ತನೇ ಒಂದು ಪಾಲು ಜನರ ಗಳಿಕೆ ಮುಗಿಯುವ ಗಡಿಯ ಎಷ್ಟು ಪಟ್ಟು ಎಂದು. ಜನ ಹೇಳುವುದು ದುಂಡು ಲೆಕ್ಕದಲ್ಲಿ: 300, 400, 500, ಇಲ್ಲವೇ 10,000, 15,000. ಹಾಗಾಗಿ ಈ ಗಡಿಗಳು ಕೆಲವು ವರ್ಷ ಅಲುಗದೆ ಕೂತು, ಆಮೇಲೆ ಒಮ್ಮೆಲೇ ಜಿಗಿಯುತ್ತವೆ. ಆ ಜಿಗಿತವನ್ನು ದೊಡ್ಡ ಬದಲಾವಣೆ ಎಂದು ಬರೆಯಬಾರದು. ತೀರಾ ಮೇಲಿನವರು ಸಮೀಕ್ಷೆಗೆ ಸಿಗುವುದೇ ಕಡಿಮೆ, ಸಿಕ್ಕರೂ ಪೂರ್ತಿ ಹೇಳುವುದು ಕಡಿಮೆ. ಆದ್ದರಿಂದ ನಮಗೆ ಸಿಗುವ ಗಿನಿ ನಿಜಕ್ಕಿಂತ ಕಡಿಮೆಯೇ ಇರುತ್ತದೆ ಎಂದು ನಾನು ನಂಬುತ್ತೇನೆ.

ಯಾರನ್ನು ಅಳೆದಿಲ್ಲ ಎಂಬುದನ್ನು ಅಂಕಿಯ ಪಕ್ಕದಲ್ಲೇ ಬರೆಯುತ್ತೇನೆ. 2023-24ರ ವರದಿಯಲ್ಲಿ ಕೆಲಸಗಾರರ ಪೈಕಿ ಸಂಬಳದವರು ಶೇ. 21.7, ದಿನಗೂಲಿಯವರು ಶೇ. 19.8. ಉಳಿದ ಶೇ. 58.4 ಜನ ಸ್ವಂತ ಕೆಲಸದವರು. ರೈತರು, ಅಂಗಡಿಯವರು, ಮನೆಯ ಹೊಲದಲ್ಲಿ ಸಂಬಳವಿಲ್ಲದೆ ದುಡಿಯುವ ಹೆಂಗಸರು ಎಲ್ಲ ಅದರಲ್ಲೇ. ಕೂಲಿ-ಸಂಬಳದ ಅಸಮಾನತೆ ಎಂದು ಕೊಡುವ ಯಾವ ಅಂಕಿಯೂ ಅವರನ್ನು ಮುಟ್ಟುವುದಿಲ್ಲ.

2025ರ ಜನವರಿಯಿಂದ ಸಮೀಕ್ಷೆಯ ವಿನ್ಯಾಸವೇ ಬದಲಾಗಿ, ಪ್ರತಿ ತಿಂಗಳ ಅಂದಾಜು ಬರುತ್ತಿದೆ. ಹೊಸ ಅಂಕಿಗಳನ್ನು ಹಳೆಯದರ ಮುಂದಕ್ಕೆ ಒಂದೇ ಗೆರೆಯಾಗಿ ಎಳೆಯದೆ, 2024ರವರೆಗಿನದ್ದನ್ನು ಬೇರೆ ಇಟ್ಟಿದ್ದೇನೆ.